ಕಾಸ್ಟಿಕ್ಸ್ ರೆಂಡರ್ ಮಾಡುವುದು ಹೇಗೆ: ಸ್ಯಾಂಪಲ್ ಏರಿಸುವ ಮೊದಲು ಬೆಳಕಿನ ದಾರಿ ನೋಡಿ

ಗಾಜಿನ ವಸ್ತುವನ್ನು ಮಾಡೆಲ್ ಮಾಡಿ, ಗ್ಲಾಸ್ ಶೇಡರ್ ಹಾಕಿ, ಒಂದು ಲೈಟ್ ಇಟ್ಟು ರೆಂಡರ್ ಒತ್ತಿದರೆ ಸಾಮಾನ್ಯವಾಗಿ ಸಿಗುವುದು ಮಂಕಾದ ಬೂದು ನೆರಳು. ನಿಜವಾದ ಗಾಜಿನ ಪಕ್ಕದಲ್ಲಿ ಬೀಳುವ ಹೊಳಪಿನ ಗೆರೆಗಳು, ಅಂಚಿನ ಚೂಪು, ನಡುವಿನ ಉರಿಬಿಂದು ಯಾವುದೂ ಅಲ್ಲಿರುವುದಿಲ್ಲ. ಇದ್ದರೂ ಬಿಳಿ ಚುಕ್ಕಿಗಳ ರಾಶಿಯೊಳಗೆ ಹುಡುಕಬೇಕು. ಗಾಜಿನಲ್ಲಿ ಬಾಗಿ ಅಥವಾ ಲೋಹದಿಂದ ಪ್ರತಿಫಲಿಸಿ ಒಂದೆಡೆ ಕೂಡುವ ಬೆಳಕಿನ ಈ ಆಕಾರಗಳೇ ಕಾಸ್ಟಿಕ್ಸ್. ಆಗ ಬಹುತೇಕರು ಸ್ಯಾಂಪಲ್ ಸಂಖ್ಯೆ (ಒಂದೊಂದು ಪಿಕ್ಸೆಲ್‌ಗೆ ಎಸೆಯುವ ಕಿರಣಗಳ ಎಣಿಕೆ) ಏರಿಸುತ್ತಾರೆ, ರಾತ್ರಿಯಿಡೀ ರೆಂಡರ್ ಬಿಟ್ಟು ಮಲಗುತ್ತಾರೆ, ಬೆಳಿಗ್ಗೆ ಎದ್ದು ನೋಡಿದರೆ ಅದೇ ಕಥೆ. ಕಾಸ್ಟಿಕ್ಸ್ ಬಾರದಿರಲು ಸ್ಯಾಂಪಲ್ ಸಾಲದಿರುವುದು ಕಾರಣವಾಗುವುದು ಅಪರೂಪ. ನೀವು ಬಳಸುತ್ತಿರುವ ಎಂಜಿನ್‌ಗೆ (ಬೆಳಕನ್ನು ಲೆಕ್ಕ ಹಾಕಿ ಚಿತ್ರ ಮಾಡುವ ಪ್ರೋಗ್ರಾಂಗೆ) ಆ ಬೆಳಕಿನ ದಾರಿ ಸಿಗುತ್ತಲೇ ಇಲ್ಲ, ಅಥವಾ ಸಿಕ್ಕರೂ ಯಾವುದೋ ಸೆಟ್ಟಿಂಗ್ ಅದನ್ನು ಕತ್ತರಿಸಿ ಹಾಕುತ್ತಿದೆ. ಈ ಲೇಖನ ಹೆಚ್ಚಾಗಿ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನ ಸೈಕಲ್ಸ್ ಎಂಜಿನ್ ಹಿಡಿದುಕೊಂಡು ಸಾಗುತ್ತದೆ. ಆದರೆ ಲೆಕ್ಕಾಚಾರ ಎಲ್ಲ ಸಾಫ್ಟ್‌ವೇರ್‌ಗೂ ಒಂದೇ.

ದಾರಿ ಯಾಕೆ ಸಿಗುವುದಿಲ್ಲ

ಜೇಮ್ಸ್ ಕಜಿಯಾ 1986ರಲ್ಲಿ ಮುಂದಿಟ್ಟ ಪಾತ್ ಟ್ರೇಸಿಂಗ್ ಇಂದಿಗೂ ಬಹುತೇಕ ರೆಂಡರ್ ಎಂಜಿನ್‌ಗಳ ಬೆನ್ನೆಲುಬು. ಅದರಲ್ಲಿ ಕಿರಣ ಹೊರಡುವುದು ಕ್ಯಾಮೆರಾದಿಂದ. ಅದು ನೆಲಕ್ಕೆ ತಾಗಿದಾಗ ಎಂಜಿನ್ ಎರಡು ಕೆಲಸ ಮಾಡುತ್ತದೆ. ಒಂದು, ಲೈಟ್ ಕಡೆಗೆ ನೇರವಾಗಿ ಗೆರೆ ಎಳೆದು ನಡುವೆ ಅಡ್ಡಿ ಇದೆಯೇ ಎಂದು ನೋಡುತ್ತದೆ. ನಡುವೆ ಗಾಜಿದ್ದರೆ ಅದು ಅಡ್ಡಿ ಎಂದೇ ಲೆಕ್ಕ, ಏಕೆಂದರೆ ಗಾಜಿನಲ್ಲಿ ಬೆಳಕು ಬಾಗುತ್ತದೆ, ನೇರ ಗೆರೆ ಅಲ್ಲಿ ನಡೆಯುವುದಿಲ್ಲ. ಹಾಗಾಗಿ ನೆರಳು. ಎರಡು, ಯಾವುದೋ ಒಂದು ದಿಕ್ಕಿಗೆ ಕಿರಣವನ್ನು ಎಸೆಯುತ್ತದೆ. ಆ ಕಿರಣ ಗಾಜಿಗೆ ತಾಗಿ, ಬಾಗಿ, ಹೊರಬಿದ್ದು, ಸರಿಯಾಗಿ ಲೈಟ್‌ಗೇ ಹೋಗಿ ಬಡಿದರೆ ಮಾತ್ರ ಕಾಸ್ಟಿಕ್ಸ್.

ಬಡಿಯುವ ಸಾಧ್ಯತೆ ಎಷ್ಟು? ಭೂಮಿಯಿಂದ ಕಾಣುವ ಸೂರ್ಯನ ಅಗಲ ಸುಮಾರು 0.53 ಡಿಗ್ರಿ. ಅರ್ಧಗೋಲದಷ್ಟು ಆಕಾಶದಲ್ಲಿ ಕಣ್ಣು ಮುಚ್ಚಿ ಒಂದು ದಿಕ್ಕು ಆರಿಸಿದರೆ ಅದು ಸೂರ್ಯನ ಮೇಲೆ ಬೀಳುವ ಸಂಭವ ಸುಮಾರು 90 ಸಾವಿರಕ್ಕೆ ಒಂದು. ಸೂರ್ಯನ ಅಗಲವನ್ನು 5 ಡಿಗ್ರಿ ಮಾಡಿದರೆ ಅದೇ ಸಂಭವ ಸುಮಾರು ಸಾವಿರಕ್ಕೆ ಒಂದು. ಇನ್ನು ಪಾಯಿಂಟ್ ಲೈಟ್‌ನ ರೇಡಿಯಸ್ ಸೊನ್ನೆ ಇದ್ದರೆ ಸಂಭವವೂ ಸೊನ್ನೆ. ಕೋಟಿ ಸ್ಯಾಂಪಲ್ ಹಾಕಿದರೂ ಸೊನ್ನೆಯೇ. ಬರೀ ಪಾತ್ ಟ್ರೇಸಿಂಗ್‌ನಲ್ಲಿ ಲೈಟ್‌ನ ಗಾತ್ರ ಇಷ್ಟು ಮುಖ್ಯವಾಗುವುದು ಈ ಕಾರಣಕ್ಕೆ. ಲೈಟ್ ದೊಡ್ಡದಾದಷ್ಟೂ ನಾಯ್ಸ್ (ಚಿತ್ರದಲ್ಲಿ ಚದುರಿದ ಚುಕ್ಕಿಗಳು) ಕಡಿಮೆ, ಆದರೆ ಗೆರೆಗಳ ಚೂಪೂ ಕಡಿಮೆ.

ಈ ಲೆಕ್ಕದಿಂದ ಒಂದು ಒಳ್ಳೆಯ ಪರೀಕ್ಷಾ ವಿಧಾನವೂ ಸಿಗುತ್ತದೆ. ನೆಲದ ಮೇಲೆ ಕಾಸ್ಟಿಕ್ಸ್ ಬೀಳಬೇಕಾದ ಜಾಗದಲ್ಲೇ ಕ್ಯಾಮೆರಾ ಇಟ್ಟು ಗಾಜಿನ ಕಡೆಗೆ ನೋಡಿ. ಲೈಟ್ ಜಾಗದಲ್ಲಿ ತಾತ್ಕಾಲಿಕವಾಗಿ ಎಮಿಷನ್ ಹಾಕಿದ, ಅಂದರೆ ತಾನೇ ಬೆಳಕು ಸೂಸುವ ಒಂದು ತಟ್ಟೆ ಇಟ್ಟುಕೊಂಡರೆ ಸ್ಪಷ್ಟವಾಗಿ ಕಾಣುತ್ತದೆ. ಗಾಜಿನೊಳಗೆ ಲೈಟ್ ಹಿಗ್ಗಿ ದೊಡ್ಡದಾಗಿ ಕಂಡರೆ ಆ ಜಾಗ ಹೊಳೆಯಲೇಬೇಕು. ಗಾಜಿನಲ್ಲಿ ಎಲ್ಲೂ ಲೈಟ್ ಕಾಣದಿದ್ದರೆ ಅಲ್ಲಿ ಕಾಸ್ಟಿಕ್ಸ್ ಇರುವುದೇ ಇಲ್ಲ, ಸೆಟ್ಟಿಂಗ್ ತಡಕಾಡಿ ಪ್ರಯೋಜನವಿಲ್ಲ. ಕ್ಯಾಮೆರಾವನ್ನು ಸ್ವಲ್ಪ ಸ್ವಲ್ಪ ಸರಿಸುತ್ತ ಹೋದರೆ ಬೆಳಕಿನ ಗೆರೆಯ ಅಂಚು ಎಲ್ಲಿದೆ ಎಂಬುದೂ ಗೊತ್ತಾಗುತ್ತದೆ.

ಮೊದಲ ಹೆಜ್ಜೆ: ಉತ್ತರ ಗೊತ್ತಿರುವ ದೃಶ್ಯ

ನೇರವಾಗಿ ನಿಮ್ಮ ಪ್ರಾಜೆಕ್ಟ್ ಫೈಲ್‌ನಲ್ಲಿ ಕೈ ಹಾಕಬೇಡಿ. ಖಾಲಿ ಫೈಲ್ ತೆರೆದು ಒಂದು ಗಾಜಿನ ಗೋಲ ಮಾಡಿ. ಗೋಲವೇ ಯಾಕೆಂದರೆ ಅದರ ಉತ್ತರ ಕಾಗದದ ಮೇಲೆ ಲೆಕ್ಕ ಹಾಕಿ ತೆಗೆಯಬಹುದು.

ತ್ರಿಜ್ಯ 1 ಇರುವ ಐಕೋಸ್ಫಿಯರ್ ತೆಗೆದುಕೊಂಡು ಸಬ್‌ಡಿವಿಷನ್ 7ಕ್ಕೆ ಏರಿಸಿ, ಶೇಡ್ ಸ್ಮೂತ್ ಕೊಡಿ. ಗ್ಲಾಸ್ ಬಿಎಸ್‌ಡಿಎಫ್ ಶೇಡರ್ ಹಾಕಿ, ರಫ್‌ನೆಸ್ 0, ಐಒಆರ್ (ವಕ್ರೀಭವನ ಸೂಚ್ಯಂಕ) 1.5, ಬಣ್ಣ ಪೂರ್ತಿ ಬಿಳಿ. ಕೆಳಗೆ ತಿಳಿ ಬಣ್ಣದ ನೆಲ. ಮೇಲೆ ನೆಟ್ಟಗೆ ಕೆಳಮುಖವಾಗಿ ಸನ್ ಲೈಟ್.

ಗೋಲದ ಸಂಗಮ ಬಿಂದು ಅದರ ಕೇಂದ್ರದಿಂದ ಎಷ್ಟು ದೂರ ಎನ್ನುವುದಕ್ಕೆ ಸರಳ ಸೂತ್ರವಿದೆ: ವಕ್ರೀಭವನ ಸೂಚ್ಯಂಕವನ್ನು ತ್ರಿಜ್ಯದಿಂದ ಗುಣಿಸಿ, ಸೂಚ್ಯಂಕದಿಂದ 1 ಕಳೆದು ಬಂದದ್ದರ ಎರಡರಷ್ಟರಿಂದ ಭಾಗಿಸಬೇಕು. 1.5ಕ್ಕೆ ಉತ್ತರ 1.5. ಅಂದರೆ ಗೋಲದ ಕೇಂದ್ರ ನೆಲದಿಂದ 1.5 ಎತ್ತರದಲ್ಲಿದ್ದಾಗ, ಗೋಲದ ತಳಕ್ಕೂ ನೆಲಕ್ಕೂ ನಡುವೆ ಅರ್ಧ ತ್ರಿಜ್ಯದಷ್ಟು ಜಾಗ ಇದ್ದಾಗ, ಬೆಳಕು ನೆಲದ ಮೇಲೆ ಕೂಡುತ್ತದೆ. ಅಂಚಿನ ಕಿರಣಗಳು ಸ್ವಲ್ಪ ಮುಂಚೆಯೇ ಕೂಡುವುದರಿಂದ ಅತಿ ಚಿಕ್ಕ ಚುಕ್ಕಿ 1.5ಕ್ಕಿಂತ ತುಸು ಕೆಳಗಿನ ಎತ್ತರದಲ್ಲಿ ಸಿಗುತ್ತದೆ. ಆ ವ್ಯತ್ಯಾಸ ಸಹಜ. ಐಒಆರ್ ಅನ್ನು ನೀರಿನ 1.33ಕ್ಕೆ ಇಳಿಸಿದರೆ ಕೇಂದ್ರವನ್ನು ಸುಮಾರು 2ಕ್ಕೆ ಎತ್ತಬೇಕು. ಐಒಆರ್ 2 ಆದರೆ ಗೋಲದ ಹಿಂಬದಿಯ ಮೇಲೇ ಬೆಳಕು ಕೂಡುತ್ತದೆ.

ಈ ಗೋಲ ಹೇಳುವಷ್ಟು ವಿಷಯ ಯಾವ ಟ್ಯುಟೋರಿಯಲ್ಲೂ ಹೇಳುವುದಿಲ್ಲ. ಬೆಳಕು ಕೂಡುವ ಬದಲು ಹೊರಕ್ಕೆ ಚದುರಿದರೆ ನಾರ್ಮಲ್‌ಗಳು (ಮೇಲ್ಮೈಯ ಹೊರಬದಿ ತೋರಿಸುವ ಬಾಣಗಳು) ತಿರುಗಿವೆ: ಎಂಜಿನ್ ಒಳಗನ್ನು ಹೊರಗು ಎಂದುಕೊಂಡಿದೆ. ಎಡಿಟ್ ಮೋಡ್‌ನಲ್ಲಿ ಎಲ್ಲವನ್ನೂ ಆರಿಸಿ ಶಿಫ್ಟ್ ಮತ್ತು ಎನ್ ಒತ್ತಿ. ಚುಕ್ಕಿ ಕೂಡದೆ ತೆಳುವಾದ ಉಂಗುರದ ನೆರಳು ಮಾತ್ರ ಬಂದರೆ ಗೋಲ ಒಳಗೆ ಟೊಳ್ಳಾಗಿದೆ: ಎಲ್ಲೋ ಸಾಲಿಡಿಫೈ ಮಾಡಿಫೈಯರ್ ಉಳಿದುಕೊಂಡಿದೆ. ಚುಕ್ಕಿಯ ಸುತ್ತ ಜಾಲರಿಯಂತೆ ಗೀರುಗಳು ಕಂಡರೆ ಮೆಶ್, ಅಂದರೆ ಚಿಕ್ಕ ಮುಖಗಳನ್ನು ಜೋಡಿಸಿ ಮಾಡಿದ ಮೇಲ್ಮೈ, ಒರಟಾಗಿದೆ. ಶೇಡ್ ಸ್ಮೂತ್ ಕಣ್ಣಿಗೆ ನುಣುಪು ತೋರಿಸುತ್ತದೆ, ಆದರೆ ಕಾಸ್ಟಿಕ್ಸ್‌ನ ಹೊಳಪು ಮೇಲ್ಮೈ ಎಷ್ಟು ಬಾಗಿದೆ ಎಂಬುದನ್ನು ಅವಲಂಬಿಸಿದೆ. ಆ ಬಾಗುವಿಕೆ ಮುಖದಿಂದ ಮುಖಕ್ಕೆ ಹಾರಿದರೆ ಬೆಳಕೂ ಹಾರುತ್ತದೆ. ಸಾಮಾನ್ಯ ರೆಂಡರ್‌ಗೆ ಸಾಕಾಗುವ ಮೆಶ್ ಕಾಸ್ಟಿಕ್ಸ್‌ಗೆ ಸಾಕಾಗುವುದಿಲ್ಲ. ಸಬ್‌ಡಿವಿಷನ್ ಸರ್ಫೇಸ್‌ನಲ್ಲಿ ಜಿಪುಣತನ ಬೇಡ.

ಗಾಜು, ನೀರು, ಅವುಗಳ ನಡುವಿನ ಗಡಿ

ನಿಮ್ಮ ನಿಜವಾದ ಮಾಡೆಲ್‌ಗೆ ಬನ್ನಿ. ಲೋಟಕ್ಕೆ ದಪ್ಪ ಬೇಕು, ಒಳಮೈ ಹೊರಮೈ ಎರಡೂ ಬೇಕು, ಸ್ಕೇಲ್ ಅಪ್ಲೈ ಆಗಿರಬೇಕು. ಸೂಚ್ಯಂಕಗಳು ಹೀಗಿವೆ: ಮಂಜುಗಡ್ಡೆ 1.31, ನೀರು 1.33, ಅಕ್ರಿಲಿಕ್ 1.49, ಸಾಮಾನ್ಯ ಗಾಜು 1.5ರ ಆಸುಪಾಸು, ನೀಲಮಣಿ 1.77, ವಜ್ರ 2.42. ಗ್ಲಾಸ್ ಬಿಎಸ್‌ಡಿಎಫ್‌ನ ಬಣ್ಣ ಪ್ರತಿ ಮೇಲ್ಮೈ ದಾಟುವಾಗಲೂ ಗುಣಿಸಿಕೊಳ್ಳುತ್ತದೆ. 0.8 ಇಟ್ಟರೆ ನಾಲ್ಕು ಮೇಲ್ಮೈ ದಾಟುವಷ್ಟರಲ್ಲಿ ಬೆಳಕು 0.41ಕ್ಕೆ ಇಳಿದಿರುತ್ತದೆ. ಬಿಳಿಯೇ ಇರಲಿ.

ಡೌನ್‌ಲೋಡ್ ಮಾಡಿಕೊಂಡ ಗ್ಲಾಸ್ ಮೆಟೀರಿಯಲ್‌ಗಳ ಬಗ್ಗೆ ಹುಷಾರಾಗಿರಿ. ಲೈಟ್ ಪಾತ್ ನೋಡ್‌ನ ಈಸ್ ಶ್ಯಾಡೋ ರೇ ಬಳಸಿ ನೆರಳಿನ ಕಿರಣಗಳಿಗೆ ಗಾಜನ್ನು ಟ್ರಾನ್ಸ್‌ಪರೆಂಟ್ ಮಾಡಿರುವವು ಬಹಳ. ಕಿಟಕಿ ಗಾಜಿಗೆ ಅದು ಒಳ್ಳೆಯ ಉಪಾಯ, ಕೋಣೆಯೊಳಗೆ ಬೆಳಕು ಸಲೀಸಾಗಿ ಬರುತ್ತದೆ. ಕಾಸ್ಟಿಕ್ಸ್ ಬೇಕಾದಲ್ಲಿ ಮಾತ್ರ ಅದು ವಿಷ: ಬಾಗದ ಬೆಳಕು ನೇರವಾಗಿ ನೆಲಕ್ಕಿಳಿದು ಎಲ್ಲವನ್ನೂ ಮುಚ್ಚಿಹಾಕುತ್ತದೆ.

ಲೋಟದೊಳಗೆ ನೀರು ಇದ್ದರೆ ಎರಡು ದಾರಿ. ಸುಲಭದ್ದು, ನೀರಿನ ಮೆಶ್ ಅನ್ನು ಗಾಜಿನ ಗೋಡೆಯೊಳಕ್ಕೆ ತುಸು ತೂರಿಸುವುದು. ಗಾಜಿನ ಮತ್ತು ನೀರಿನ ನಡುವೆ ಗಾಳಿಯ ಪದರ ಉಳಿಯಬಾರದು, ಅಷ್ಟೇ. ಇನ್ನೊಂದು, ಗಡಿಯನ್ನೇ ಪ್ರತ್ಯೇಕ ಮೇಲ್ಮೈ ಮಾಡುವುದು: ಗಾಜಿಗೆ ಗಾಳಿ ತಾಗುವಲ್ಲಿ 1.5, ನೀರಿಗೆ ಗಾಳಿ ತಾಗುವಲ್ಲಿ 1.33, ಗಾಜಿಗೆ ನೀರು ತಾಗುವಲ್ಲಿ ನಾರ್ಮಲ್ ಗಾಜಿನ ಕಡೆಗಿಟ್ಟು 1.33 ಭಾಗಿಸು 1.5, ಅಂದರೆ ಸುಮಾರು 0.89. ಚಿತ್ರದಲ್ಲಿ ಎರಡಕ್ಕೂ ಅಂಥ ವ್ಯತ್ಯಾಸ ಕಾಣುವುದಿಲ್ಲ. ಆದರೆ ಕಿರಣ ದಾಟುವ ಮೇಲ್ಮೈಗಳ ಎಣಿಕೆ ಬೇರೆ. ತೂರಿಸಿದ ಲೋಟವನ್ನು ಅಡ್ಡ ದಾಟಲು ಆರು ಮೇಲ್ಮೈ, ಗಡಿ ಮಾಡಿದ ಲೋಟಕ್ಕೆ ನಾಲ್ಕು. ಈ ನಾಲ್ಕು ಎಂಬ ಸಂಖ್ಯೆ ಮುಂದೆ ಬೇಕಾಗುತ್ತದೆ.

ಸೈಕಲ್ಸ್‌ನಲ್ಲಿ ಮುಟ್ಟಬೇಕಾದ ಸೆಟ್ಟಿಂಗ್‌ಗಳು

ರೆಂಡರ್ ಪ್ರಾಪರ್ಟೀಸ್‌ನ ಲೈಟ್ ಪಾತ್ಸ್ ತೆರೆಯಿರಿ. ಕಾಸ್ಟಿಕ್ಸ್ ಅಡಿಯಲ್ಲಿ ರಿಫ್ಲೆಕ್ಟಿವ್, ರಿಫ್ರಾಕ್ಟಿವ್ ಎರಡಕ್ಕೂ ಟಿಕ್ ಇರಲಿ. ಕ್ಲ್ಯಾಂಪಿಂಗ್‌ನಲ್ಲಿ ಇನ್‌ಡೈರೆಕ್ಟ್ ಲೈಟ್ ಮೊದಲೇ 10 ಇರುತ್ತದೆ. ಅದನ್ನು 0 ಮಾಡಿ, ಅಂದರೆ ಮಿತಿ ಇಲ್ಲ. ಹೊಳಪಿನ ಚುಕ್ಕಿಗಳನ್ನು ಅಡಗಿಸಲು ಇಟ್ಟಿರುವ ಈ ಮಿತಿ ಕಾಸ್ಟಿಕ್ಸ್‌ನ ಬೆಳಕನ್ನೇ ಕತ್ತರಿಸುತ್ತದೆ, ಯಾಕೆಂದರೆ ಎಂಜಿನ್‌ನ ಕಣ್ಣಿಗೆ ಅವೆರಡೂ ಒಂದೇ ಥರದ ವಸ್ತು. ಹೊಳೆಯಬೇಕಾದ ಗೆರೆ ಸಪ್ಪೆಯಾಗಿ ಬೂದಿ ಬಣ್ಣಕ್ಕೆ ತಿರುಗಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ.

ಫಿಲ್ಟರ್ ಗ್ಲಾಸಿ ಮೊದಲೇ 1 ಇರುತ್ತದೆ. ನೆಲದಿಂದ ಎದ್ದ ಕಿರಣ ಗಾಜಿಗೆ ತಾಗಿದಾಗ ಆ ಗಾಜು ತುಸು ಮಬ್ಬಾಗಿದೆ ಎಂದು ನಟಿಸುವ ಸೆಟ್ಟಿಂಗ್ ಇದು. ನಾಯ್ಸ್ ಇಳಿಯುತ್ತದೆ, ಗೆರೆ ಹರಡಿಕೊಳ್ಳುತ್ತದೆ. ಚೂಪು ಬೇಕೆಂದರೆ 0. ನನ್ನ ಮಟ್ಟಿಗೆ 0.1ರ ಸುತ್ತಮುತ್ತ ಒಳ್ಳೆಯ ರಾಜಿ.

ಲೈಟ್‌ನ ಸೆಟ್ಟಿಂಗ್‌ನಲ್ಲಿ ಮಲ್ಟಿಪಲ್ ಇಂಪಾರ್ಟೆನ್ಸ್‌ಗೆ ಟಿಕ್ ಇಲ್ಲದಿದ್ದರೆ ಎಸೆದ ಕಿರಣಕ್ಕೆ ಲೈಟ್ ತಾಗುವುದೇ ಇಲ್ಲ, ಅದನ್ನೂ ನೋಡಿ. ಟ್ರಾನ್ಸ್‌ಮಿಷನ್ ಬೌನ್ಸ್ (ಕಿರಣ ಎಷ್ಟು ಸಲ ಮೇಲ್ಮೈ ದಾಟಬಹುದು ಎಂಬ ಮಿತಿ) 12 ಸಾಮಾನ್ಯವಾಗಿ ಸಾಕು. ಗಾಜಿನ ಹಿಂದೆ ಗಾಜು ಜೋಡಿಸಿದ ದೃಶ್ಯಕ್ಕೆ ಏರಿಸಿ.

ಅಡಾಪ್ಟಿವ್ ಸ್ಯಾಂಪ್ಲಿಂಗ್ ವಿಷಯದಲ್ಲಿ ಒಂದು ಮರೆಯಾದ ಅಪಾಯ ಇದೆ. ನಾಯ್ಸ್ ಥ್ರೆಶೋಲ್ಡ್ ಆನ್ ಇದ್ದಾಗ, ಒಂದು ಪಿಕ್ಸೆಲ್‌ನಲ್ಲಿ ಏರಿಳಿತ ಕಾಣದಿದ್ದರೆ ಎಂಜಿನ್ ಅಲ್ಲಿಗೆ ಕೆಲಸ ನಿಲ್ಲಿಸುತ್ತದೆ. ಕಾಸ್ಟಿಕ್ಸ್ ದಾರಿ ಅಪರೂಪಕ್ಕೆ ಸಿಗುವಂಥದ್ದು. ಮೊದಲ ಕೆಲವು ಸ್ಯಾಂಪಲ್‌ಗಳಲ್ಲಿ ಅದು ಸಿಗದೇ ಹೋದರೆ ಆ ಪಿಕ್ಸೆಲ್ ಬರೀ ನೆರಳು ಎಂದು ತೀರ್ಮಾನವಾಗಿ ಬಾಗಿಲು ಮುಚ್ಚುತ್ತದೆ. ಮಿನ್ ಸ್ಯಾಂಪಲ್ಸ್ ಏರಿಸಿ, ಇಲ್ಲವೇ ಥ್ರೆಶೋಲ್ಡ್ ತೆಗೆದುಹಾಕಿ. ಸಿಪಿಯುನಲ್ಲಿ ರೆಂಡರ್ ಮಾಡುವವರಿಗೆ ಬ್ಲೆಂಡರ್ 3.4ರಿಂದ ಪಾತ್ ಗೈಡಿಂಗ್ ಸಿಗುತ್ತದೆ. ಬೆಳಕು ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದನ್ನು ರೆಂಡರ್ ನಡೆಯುತ್ತಲೇ ಕಲಿತು ಆ ಕಡೆಗೇ ಹೆಚ್ಚು ಕಿರಣ ಎಸೆಯುತ್ತದೆ. ಲೈಟ್ ತೀರಾ ಚಿಕ್ಕದಲ್ಲದಿದ್ದರೆ ನೆರವಾಗುತ್ತದೆ.

ಶ್ಯಾಡೋ ಕಾಸ್ಟಿಕ್ಸ್

2022ರಲ್ಲಿ ಬಂದ ಬ್ಲೆಂಡರ್ 3.2 ಶ್ಯಾಡೋ ಕಾಸ್ಟಿಕ್ಸ್ ಎಂಬ ಸೌಲಭ್ಯ ತಂದು ಆಟವನ್ನೇ ಬದಲಿಸಿತು. 2015ರಲ್ಲಿ ಹನಿಕಾ, ಡ್ರೋಸ್ಕೆ, ಫಾಷೋನೆ ಪ್ರಕಟಿಸಿದ ಮ್ಯಾನಿಫೋಲ್ಡ್ ನೆಕ್ಸ್ಟ್ ಈವೆಂಟ್ ಎಸ್ಟಿಮೇಷನ್ ವಿಧಾನ ಅದರ ಆಧಾರ. ನೆಲದ ಬಿಂದುವಿನಿಂದ ಲೈಟ್‌ಗೆ ಎಳೆದ ನೇರ ಗೆರೆ ಗಾಜಿಗೆ ತಾಗಿದಾಗ ಸೋಲೊಪ್ಪದೆ, ಆ ಗೆರೆಯನ್ನು ವಕ್ರೀಭವನದ ನಿಯಮಕ್ಕೆ ಒಗ್ಗುವವರೆಗೆ ಹಂತಹಂತವಾಗಿ ಬಾಗಿಸುತ್ತ ಹೋಗುತ್ತದೆ. ಕುರುಡು ಎಸೆತ ಇಲ್ಲ. ಸೊನ್ನೆ ಗಾತ್ರದ ಲೈಟ್‌ನಿಂದಲೂ ಗೆರೆ ಚೂಪಾಗಿ, ಕೆಲವೇ ಸ್ಯಾಂಪಲ್‌ಗಳಲ್ಲಿ ಮೂಡುತ್ತದೆ.

ಮೂರು ಕಡೆ ಟಿಕ್ ಬೇಕು, ಒಂದು ಬಿಟ್ಟರೂ ಏನೂ ಆಗುವುದಿಲ್ಲ. ಲೈಟ್ ಸೆಟ್ಟಿಂಗ್‌ನಲ್ಲಿ ಶ್ಯಾಡೋ ಕಾಸ್ಟಿಕ್ಸ್. ಗಾಜಿನ ಆಬ್ಜೆಕ್ಟ್ ಪ್ರಾಪರ್ಟೀಸ್‌ನ ಶೇಡಿಂಗ್ ವಿಭಾಗದಲ್ಲಿ ಕಾಸ್ಟ್ ಶ್ಯಾಡೋ ಕಾಸ್ಟಿಕ್ಸ್. ನೆಲಕ್ಕೆ ಅದೇ ಜಾಗದಲ್ಲಿ ರಿಸೀವ್ ಶ್ಯಾಡೋ ಕಾಸ್ಟಿಕ್ಸ್. ಎಚ್‌ಡಿಆರ್‌ಐನಿಂದ (ಸುತ್ತಲಿನ ಬೆಳಕನ್ನು ಹಿಡಿದಿಟ್ಟ ಚಿತ್ರದಿಂದ) ಬೆಳಕು ಬರುತ್ತಿದ್ದರೆ ವರ್ಲ್ಡ್ ಸೆಟ್ಟಿಂಗ್‌ನಲ್ಲೂ ಅದೇ ಟಿಕ್ ಇದೆ. ಎಮಿಷನ್ ಹಾಕಿದ ಮೆಶ್‌ಗೆ ಈ ಸೌಲಭ್ಯವಿಲ್ಲ, ಅದರ ಬದಲು ಏರಿಯಾ ಲೈಟ್ ಇಡಿ.

ಮಿತಿಗಳು ಗೊತ್ತಿದ್ದರೆ ತಲೆನೋವು ತಪ್ಪುತ್ತದೆ. ಗಾಜು ದಾಟಿ ಬರುವ ಬೆಳಕಿಗೆ ಮಾತ್ರ ಇದು ಕೆಲಸ ಮಾಡುತ್ತದೆ, ಪ್ರತಿಫಲನಕ್ಕಿಲ್ಲ. ವಸ್ತುವಿನ ನೆರಳಿನೊಳಗೆ ಬೀಳುವ ಬೆಳಕು ಮಾತ್ರ ಬರುತ್ತದೆ, ನೆರಳಿನಾಚೆ ಸಿಡಿಯುವ ಗೆರೆಗಳು ಬರುವುದಿಲ್ಲ. ಹೆಚ್ಚೆಂದರೆ ನಾಲ್ಕು ವಕ್ರೀಭವನ. ಮೇಲೆ ಹೇಳಿದ ಆರು ಮೇಲ್ಮೈಯ ಲೋಟ ಇಲ್ಲಿ ಕಪ್ಪು ನೆರಳಾಗಿ ಉಳಿಯುತ್ತದೆ, ಗಡಿ ಮಾಡಿದ ಲೋಟ ದಾಟಿಕೊಳ್ಳುತ್ತದೆ. ಖಾಲಿ ಲೋಟವೂ ಸರಿ ನಾಲ್ಕಕ್ಕೆ ನಿಲ್ಲುತ್ತದೆ. ಎರಡು ಲೋಟ ಒಂದರ ಹಿಂದೊಂದು ಇಟ್ಟರೆ ಕೈಕೊಡುತ್ತದೆ.

ಈಜುಕೊಳದ ಲೆಕ್ಕ

ನೀರಿನಡಿ ನೆಲದ ಮೇಲೆ ಓಡಾಡುವ ಬೆಳಕಿನ ಬಲೆಗೆ ಶ್ಯಾಡೋ ಕಾಸ್ಟಿಕ್ಸ್ ಹೇಳಿ ಮಾಡಿಸಿದಂತಿದೆ: ದಾಟಬೇಕಾದ ಮೇಲ್ಮೈ ಒಂದೇ. ನೀರಿನ ಮೇಲ್ಮೈ ಕಾಸ್ಟ್ ಮಾಡಬೇಕು, ನೆಲ ಮತ್ತು ಗೋಡೆ ರಿಸೀವ್ ಮಾಡಬೇಕು. ಅಲೆಗಳನ್ನು ಬಂಪ್ ಮ್ಯಾಪ್‌ನಿಂದ ತರಬೇಡಿ, ಓಷನ್ ಅಥವಾ ಡಿಸ್‌ಪ್ಲೇಸ್ ಮಾಡಿಫೈಯರ್‌ನಿಂದ ನಿಜವಾಗಿಯೂ ಮೆಶ್ ಏರಿಳಿಯಲಿ.

ಬಲೆ ಎಷ್ಟು ಚೂಪಾಗಿರುತ್ತದೆ ಎಂಬುದು ಅಲೆಗೂ ಆಳಕ್ಕೂ ಇರುವ ಸಂಬಂಧ. ಇದನ್ನು ಊಹೆಗೆ ಬಿಡಬೇಕಿಲ್ಲ. ಅಲೆಯ ತುದಿ ಒಂದು ಮಸೂರ. ಮೇಲಿನಿಂದ ಬಂದ ಬೆಳಕು ಆ ತುದಿಯ ವಕ್ರತೆಯ ತ್ರಿಜ್ಯದ ಸುಮಾರು ನಾಲ್ಕರಷ್ಟು ಆಳದಲ್ಲಿ ಕೂಡುತ್ತದೆ. ತ್ರಿಜ್ಯ ತಿಳಿಯಲು ಅಲೆಯ ಉದ್ದದ ವರ್ಗವನ್ನು, ಎತ್ತರವನ್ನು 39.5ರಿಂದ ಗುಣಿಸಿ ಬಂದದ್ದರಿಂದ ಭಾಗಿಸಿ. ಎತ್ತರ ಎಂದರೆ ನಡುಮಟ್ಟದಿಂದ ತುದಿಗೆ. ಅಲೆಯ ಉದ್ದ 50 ಸೆಂಟಿಮೀಟರ್, ಎತ್ತರ 1 ಸೆಂಟಿಮೀಟರ್ ಆದರೆ ತ್ರಿಜ್ಯ ಸುಮಾರು 63 ಸೆಂಟಿಮೀಟರ್, ಬೆಳಕು ಕೂಡುವುದು ಸುಮಾರು 2.5 ಮೀಟರ್ ಆಳದಲ್ಲಿ. ಎತ್ತರವನ್ನು 2 ಸೆಂಟಿಮೀಟರ್ ಮಾಡಿದರೆ ಆ ಆಳ 1.3 ಮೀಟರ್‌ಗೆ ಏರಿ ಬರುತ್ತದೆ. ಕೊಳದ ಆಳ ಒಂದೂಕಾಲು ಮೀಟರ್ ಇದ್ದು ಬಲೆ ಮಬ್ಬಾಗಿ ಕಂಡರೆ ಅಲೆಯನ್ನು ಹೀಗೆ ಹೊಂದಿಸಬೇಕು, ಲೈಟ್‌ನ ಶಕ್ತಿ ಏರಿಸಿ ಉಪಯೋಗವಿಲ್ಲ. ಅಲೆ ಬಹಳ ಕೆದರಿದ್ದರೆ ನೆಲದ ಒಂದೇ ಬಿಂದುವಿಗೆ ಹಲವು ದಾರಿಗಳಲ್ಲಿ ಬೆಳಕು ಬರುತ್ತದೆ. ಶ್ಯಾಡೋ ಕಾಸ್ಟಿಕ್ಸ್ ಅಂಥ ಕಡೆ ಕೆಲವನ್ನು ಬಿಟ್ಟುಬಿಡುತ್ತದೆ, ಗೆರೆಗಳು ಒಂದರ ಮೇಲೊಂದು ಹಾಯುವ ಜಾಗ ನಿಜಕ್ಕಿಂತ ಮಂಕಾಗುತ್ತದೆ.

ಉಂಗುರ, ಬಟ್ಟಲು, ಕನ್ನಡಿ: ಪ್ರತಿಫಲನದ ಕಾಸ್ಟಿಕ್ಸ್

ಲೋಹದ ಉಂಗುರದೊಳಗೆ ಬೀಳುವ ಎರಡು ಕಮಾನಿನ ಗೆರೆ, ನಡುವೆ ಚೂಪಾದ ಮೂತಿ, ಇದರ ಗಣಿತವನ್ನು ಹೈಗೆನ್ಸ್ 17ನೇ ಶತಮಾನದಲ್ಲೇ ಬಿಡಿಸಿದ್ದ. ಸೈಕಲ್ಸ್‌ಗೆ ಮಾತ್ರ ಇಂದಿಗೂ ಅದು ತ್ರಾಸದ ಕೆಲಸ. ಶ್ಯಾಡೋ ಕಾಸ್ಟಿಕ್ಸ್ ನೆರವಿಗೆ ಬರುವುದಿಲ್ಲ. ಸನ್ ಲೈಟ್‌ನ ಕೋನವನ್ನು 2–3 ಡಿಗ್ರಿಗೆ ಏರಿಸಿ, ಫಿಲ್ಟರ್ ಗ್ಲಾಸಿ ತುಸು ಇಟ್ಟು, ಸ್ಯಾಂಪಲ್ ಸುರಿಯಬೇಕು. ನೆನಪಿಡಿ, ನಾಯ್ಸ್ ಅರ್ಧವಾಗಬೇಕೆಂದರೆ ಸ್ಯಾಂಪಲ್ ನಾಲ್ಕರಷ್ಟಾಗಬೇಕು.

ಇಂಥ ದೃಶ್ಯಗಳಿಗೆ ಎಂಜಿನ್ ಬದಲಿಸುವುದೇ ಮೇಲು. ಉಚಿತವಾಗಿ ಸಿಗುವ ಲಕ್ಸ್‌ಕೋರ್‌ರೆಂಡರ್ ಬ್ಲೆಂಡರ್‌ಗೆ ಆಡ್ಆನ್ ಆಗಿ ಸೇರುತ್ತದೆ. ಅದರಲ್ಲಿ ಪಾತ್ ಎಂಜಿನ್ ಜೊತೆಗೆ ಲೈಟ್ ಟ್ರೇಸಿಂಗ್ ಸೇರಿಸಿದರೆ ಕಿರಣಗಳು ಲೈಟ್‌ನಿಂದಲೂ ಹೊರಡುತ್ತವೆ. ಉಂಗುರದ ಗೆರೆ ನೋಡನೋಡುತ್ತಲೇ ಶುಭ್ರವಾಗಿ ಮೂಡುತ್ತದೆ. ಆದರೆ ಆ ಗೆರೆಯನ್ನು ಮತ್ತೊಂದು ಗಾಜಿನ ಮೂಲಕ, ಅಥವಾ ನೀರಿನ ಮೂಲಕ, ಅಥವಾ ಕನ್ನಡಿಯಲ್ಲಿ ನೋಡುತ್ತಿದ್ದರೆ ಲೈಟ್ ಟ್ರೇಸಿಂಗ್ ಕೂಡ ಸೋಲುತ್ತದೆ: ನೆಲದ ಬಿಂದುವನ್ನು ಕ್ಯಾಮೆರಾಕ್ಕೆ ಜೋಡಿಸುವ ನೇರ ಗೆರೆಗೆ ಈಗ ಆ ಗಾಜು ಅಡ್ಡ. ಅಲ್ಲಿ ಫೋಟಾನ್ ಜಿಐ ಕಾಸ್ಟಿಕ್ ಕ್ಯಾಶ್ ಆನ್ ಮಾಡಿ. ಹೆನ್ರಿಕ್ ವಾನ್ ಯೆನ್ಸನ್ 1996ರಲ್ಲಿ ತಂದ ಫೋಟಾನ್ ಮ್ಯಾಪಿಂಗ್‌ನ ವಂಶದ್ದು ಅದು. ಬೆಳಕಿನ ಕಣಗಳನ್ನು ಮೊದಲು ನೆಲದ ಮೇಲೆ ಚೆಲ್ಲಿ ಲೆಕ್ಕ ಬರೆದಿಟ್ಟುಕೊಂಡು, ಆಮೇಲೆ ಕ್ಯಾಮೆರಾ ಕಡೆಯಿಂದ ಬಂದ ಕಿರಣ ಆ ಲೆಕ್ಕವನ್ನು ಓದುತ್ತದೆ. ಓದುವ ತ್ರಿಜ್ಯ ದೊಡ್ಡದಿದ್ದರೆ ಗೆರೆ ಹರಡುತ್ತದೆ, ಚಿಕ್ಕದಿದ್ದರೆ ಮಚ್ಚೆಗಳು. ತ್ರಿಜ್ಯ ಇಳಿಸುವಾಗ ಫೋಟಾನ್ ಸಂಖ್ಯೆಯನ್ನೂ ಏರಿಸಿ.

ಬೇರೆ ಎಂಜಿನ್ ಬಳಸುವವರು ಇದೇ ಪ್ರಶ್ನೆಯನ್ನು ತಮ್ಮ ಸಾಫ್ಟ್‌ವೇರ್‌ಗೆ ಕೇಳಬೇಕು: ಕಿರಣ ಎಲ್ಲಿಂದ ಹೊರಡುತ್ತದೆ? ಕೊರೋನಾ ಮತ್ತು ವಿ-ರೇನಲ್ಲಿ ಕಾಸ್ಟಿಕ್ಸ್‌ಗೆ ಪ್ರತ್ಯೇಕ ಲೆಕ್ಕಾಚಾರವಿದೆ, ಅದನ್ನು ಆನ್ ಮಾಡಬೇಕು. ಆಕ್ಟೇನ್‌ನಲ್ಲಿ ಅದಕ್ಕೆ ಪಿಎಂಸಿ ಎಂಬ ಲೆಕ್ಕಾಚಾರದ ಕರ್ನಲ್ ಇದೆ.

ಉಳಿಸುವುದು, ನುಣುಪು ಮಾಡುವುದು

ರೆಂಡರ್ ಅನ್ನು ಓಪನ್ ಇಎಕ್ಸ್‌ಆರ್‌ನಲ್ಲಿ ಉಳಿಸಿ. ಬೆಳಕು ಕೂಡುವ ಬಿಂದು ಪಕ್ಕದ ನೆಲಕ್ಕಿಂತ ಹತ್ತಾರು ಪಟ್ಟು ಪ್ರಖರವಾಗಿರುತ್ತದೆ. ಪಿಎನ್‌ಜಿಯಲ್ಲಿ ಅದು ಬಿಳಿ ಮಚ್ಚೆಯಾಗಿ ಸತ್ತುಹೋಗುತ್ತದೆ, ಆಮೇಲೆ ಎಕ್ಸ್‌ಪೋಷರ್ ಇಳಿಸಿದರೂ ಒಳಗಿನ ಗೆರೆಗಳು ಮರಳಿ ಬರುವುದಿಲ್ಲ. ವ್ಯೂ ಟ್ರಾನ್ಸ್‌ಫಾರ್ಮ್ ಸ್ಟ್ಯಾಂಡರ್ಡ್ ಬದಲು ಎಜಿಎಕ್ಸ್ ಇರಲಿ.

ನಾಯ್ಸ್ ಅಳಿಸುವ ಓಪನ್ ಇಮೇಜ್ ಡಿನಾಯ್ಸ್ ಕಾಸ್ಟಿಕ್ಸ್‌ನ ಗೆರೆಗೂ ನಾಯ್ಸ್‌ಗೂ ವ್ಯತ್ಯಾಸ ಗುರುತಿಸಲು ತಡವರಿಸುತ್ತದೆ. ಕಾರಣ ಸರಳ: ಅದು ನೆರವಿಗೆ ನೋಡುವ ಆಲ್ಬೆಡೋ (ಮೇಲ್ಮೈಯ ಬಣ್ಣ), ನಾರ್ಮಲ್ ಪಾಸ್‌ಗಳಲ್ಲಿ ಆ ಗೆರೆಯ ಸುಳಿವೇ ಇರುವುದಿಲ್ಲ, ಅಲ್ಲಿ ಬರೀ ಚಪ್ಪಟೆ ನೆಲ. ಪಿಕ್ಸೆಲ್‌ಗಳ ಸುಮಾರು ಅರ್ಧದಷ್ಟಾದರೂ ಬೆಳಕು ಪಡೆದಿರುವಷ್ಟು ಗೆರೆ ಮೂಡಿದ ಮೇಲೆ ಡಿನಾಯ್ಸ್ ಮಾಡಿ. ಚದುರಿದ ಚುಕ್ಕಿಗಳಿಗೆ ಅದನ್ನು ಹಚ್ಚಿದರೆ ಎಣ್ಣೆ ಕಲೆಯಂಥ ಆಕಾರಗಳು ಬರುತ್ತವೆ. ಕಾಸ್ಟಿಕ್ಸ್ ತರುವ ಲೈಟ್ ಅನ್ನು ಪ್ರತ್ಯೇಕ ಲೈಟ್ ಗ್ರೂಪ್‌ಗೆ ಹಾಕಿಟ್ಟರೆ ಕಾಂಪೋಸಿಟರ್‌ನಲ್ಲಿ ಅದೊಂದನ್ನೇ ಬೇರೆಯಾಗಿ ಶುಚಿ ಮಾಡಬಹುದು, ಪ್ರಖರತೆಯನ್ನೂ ಮರು ರೆಂಡರ್ ಇಲ್ಲದೆ ಹೊಂದಿಸಬಹುದು.

ಗಾಜಿನಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಬೇಕಿದ್ದರೆ ಸೈಕಲ್ಸ್‌ನಲ್ಲಿ ಕೆಂಪು, ಹಸಿರು, ನೀಲಿ ಬಣ್ಣದ ಮೂರು ಗ್ಲಾಸ್ ಶೇಡರ್‌ಗಳನ್ನು 1.50, 1.51, 1.52 ಐಒಆರ್‌ನೊಂದಿಗೆ ಆಡ್ ಶೇಡರ್‌ನಿಂದ ಕೂಡಿಸಿ. ನೀಲಿಗೆ ದೊಡ್ಡ ಸಂಖ್ಯೆ, ಏಕೆಂದರೆ ಅದು ಹೆಚ್ಚು ಬಾಗುತ್ತದೆ. ಲಕ್ಸ್‌ಕೋರ್‌ನ ಗಾಜಿನಲ್ಲಿ ಡಿಸ್ಪರ್ಷನ್ ಒಳಗೇ ಇದೆ.

ಯಾವಾಗ ಸುಳ್ಳು ಹೇಳಬಹುದು

ಆನಿಮೇಷನ್‌ನಲ್ಲಿ, ಕ್ಯಾಮೆರಾ ಓಡಾಡುವ ಕೊಳದ ದೃಶ್ಯದಲ್ಲಿ, ಪ್ರತಿ ಫ್ರೇಮ್‌ಗೂ ನಿಜವಾದ ಕಾಸ್ಟಿಕ್ಸ್ ಲೆಕ್ಕ ಹಾಕುವುದು ನನ್ನ ಪ್ರಕಾರ ದುಂದು. ನೋಡುವವರಿಗೆ ಬಲೆಯ ಗೆರೆ ಯಾವ ಅಲೆಯಿಂದ ಬಂತು ಎಂದು ಹೊಂದಿಸಿ ನೋಡುವ ವ್ಯವಧಾನವಿಲ್ಲ. ಗೆರೆ ಮಿನುಗಿದರೆ ಮಾತ್ರ ತಕ್ಷಣ ಕಣ್ಣಿಗೆ ಚುಚ್ಚುತ್ತದೆ.

ನೀರಿನ ಮೇಲೆ ಒಂದು ಸ್ಪಾಟ್ ಲೈಟ್ ಇಟ್ಟು ಅದರಲ್ಲಿ ಯೂಸ್ ನೋಡ್ಸ್ ಆನ್ ಮಾಡಿ. ವೊರೊನೊಯ್ ಟೆಕ್ಸ್ಚರ್ ಅನ್ನು 4ಡಿ ಮಾಡಿ ಡಿಸ್ಟನ್ಸ್ ಟು ಎಡ್ಜ್ ಆರಿಸಿ, ಅದರ ವೆಕ್ಟರ್‌ಗೆ ತುಸು ನಾಯ್ಸ್ ಟೆಕ್ಸ್ಚರ್ ಬೆರೆಸಿ ಗೆರೆಗಳು ಬಳುಕುವಂತೆ ಮಾಡಿ. ಕಲರ್ ರ್ಯಾಂಪ್‌ನಿಂದ ಅಂಚನ್ನು ಬಿಳಿಯಾಗಿ, ಉಳಿದದ್ದನ್ನು ಕಡು ಬೂದಿಯಾಗಿ ಹಿಂಡಿ ಎಮಿಷನ್ ಸ್ಟ್ರೆಂತ್‌ಗೆ ಜೋಡಿಸಿ. ಟೆಕ್ಸ್ಚರ್ ಕೋಆರ್ಡಿನೇಟ್‌ನ ನಾರ್ಮಲ್ ತೆಗೆದುಕೊಂಡು ಎಕ್ಸ್, ವೈ ಎರಡನ್ನೂ ಝಡ್‌ನಿಂದ ಭಾಗಿಸಿದರೆ ಚಿತ್ರ ಪ್ರೊಜೆಕ್ಟರ್‌ನಿಂದ ಬಿದ್ದಂತೆ ಸಮನಾಗಿ ಹರಡುತ್ತದೆ. ಡಬ್ಲ್ಯು ಮೌಲ್ಯವನ್ನು ನಿಧಾನಕ್ಕೆ ಏರಿಸುತ್ತ ಹೋದರೆ ಬಲೆ ಚಲಿಸುತ್ತದೆ. ಇದು ನೇರ ಬೆಳಕು, ಹಾಗಾಗಿ ನಾಯ್ಸ್ ಇಲ್ಲವೆನ್ನುವಷ್ಟು ಕಡಿಮೆ. ಆದರೆ ನೀರಿನ ಮೇಲ್ಮೈ ಈ ಲೈಟ್‌ಗೆ ಅಡ್ಡ ಬಾರದಂತೆ ಬ್ಲೆಂಡರ್ 4.0ರಿಂದ ಇರುವ ಶ್ಯಾಡೋ ಲಿಂಕಿಂಗ್‌ನಲ್ಲಿ ಅದನ್ನು ಹೊರಗಿಡಿ, ಮತ್ತು ಲೈಟ್ ಲಿಂಕಿಂಗ್‌ನಲ್ಲಿ ಕೊಳದ ನೆಲ ಗೋಡೆಗಳನ್ನಷ್ಟೇ ಸೇರಿಸಿ. ಇಲ್ಲದಿದ್ದರೆ ದಡದ ಮೇಲೆ ಒಣಗಿದ ನೆಲದಲ್ಲೂ ನೀರಿನ ಬೆಳಕು ಓಡಾಡುತ್ತದೆ.